ಒಂಟಿ ತಂಬೂರಿಯ ಹಿಂದೆ

ಜನಪದ ಗಾಯನವೆಂದರೆ ಹತ್ತು ಜನ ಕೂಡಿ ಹಾಡುವುದೆಂಬುದು ಪೇಟೆಯವರಾದ ನಮ್ಮ ಸಾಮಾನ್ಯ ಭಾವನೆ. ಸೋಬಾನೆಯನ್ನೂ ಕೋಲಾಟದ ಪದಗಳನ್ನೂ ನೆನೆದರೆ ಅದು ನಿಜವೂ ಹೌದು. ಆದರೆ ಮಂಡ್ಯ, ಮೈಸೂರು, ಚಾಮರಾಜನಗರ ಸೀಮೆಗಳಲ್ಲಿ ಇರುಳಿಡೀ ಒಂದೇ ಕೊರಳನ್ನು ನಂಬಿ ನಡೆಯುವ ಹಾಡಿಕೆಯೂ ಉಂಟು. ಅದು ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರದು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಕಥೆ, ಪದ, ಮಾತು ಎಲ್ಲದರ ಭಾರವೂ ಆ ಒಬ್ಬನದೇ.

ಬೂಕನಕೆರೆಯ ಕಡೆಯ ವಿದ್ಯಾರ್ಥಿಯೊಬ್ಬ ಈಚೆಗೆ ನನ್ನನ್ನು ಕೇಳಿದ: “ಸಾರ್, ತಂಬೂರಿ ತಗೊಂಡಿದ್ದೀನಿ. ಒಬ್ಬನೇ ಹಾಡೋಕೆ ಎಲ್ಲಿಂದ ಶುರು ಮಾಡ್ಲಿ?” ಪ್ರಶ್ನೆ ಚಿಕ್ಕದು. ಉತ್ತರವನ್ನು ಮಾತ್ರ ಚರಿತ್ರೆಯಲ್ಲಿ ಹುಡುಕಬೇಕು.

ಹಿಂದೆ ಈ ಆರಂಭ ಹಾಡುಗಾರನೊಬ್ಬನ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ. ಮನೆಯವರು ಹರಕೆ ಹೊತ್ತು ಮಗನನ್ನು ಸ್ವಾಮಿಗೆ ಒಪ್ಪಿಸುತ್ತಿದ್ದರು. ದೀಕ್ಷೆಯಾದ ಹುಡುಗ ಮೊದಲು ಕಲಿಯುತ್ತಿದ್ದುದು ಹಾಡನ್ನಲ್ಲ, ಜೋಳಿಗೆ ಹಿಡಿಯುವುದನ್ನು. ಇದರ ಮಾದರಿ ಕಾವ್ಯದಲ್ಲಿಯೇ ಇದೆ. ನಿಡಘಟ್ಟದ ಕಮ್ಮಾರರ ಸಿರಿವಂತ ಮನೆಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಪಡೆದು ಸಿದ್ಧಪ್ಪಾಜಿಯನ್ನಾಗಿ ಮಾಡುತ್ತಾನೆ. ಕಬ್ಬಿಣದ ಭಿಕ್ಷೆ ತರಲು ಹಲಗೂರಿಗೆ ಅಟ್ಟುತ್ತಾನೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಈ ಕಥೆ ಪ್ರತಿಯೊಬ್ಬ ನೀಲಗಾರನ ಬಾಳಿನ ಮೊದಲ ಅಧ್ಯಾಯವೂ ಹೌದು.

ಅನಂತರದ್ದು ಹಿಮ್ಮೇಳದ ವಾಸ. ಹುಡುಗ ಗುರುವಿನ ಬೆನ್ನಿಗೆ ಕುಳಿತು ದಮ್ಮಡಿಯನ್ನೋ ತಾಳವನ್ನೋ ಹಿಡಿದು ಸೊಲ್ಲಿಗೆ ಸೊಲ್ಲು ಕೂಡಿಸಬೇಕು. ಕಾವ್ಯ ಹಲವು ಸಾಲುಗಳಾಗಿ ಹರಡಿಕೊಂಡಿದೆ. ಅದನ್ನು ಅಕ್ಷರಕ್ಕೆ ಅಕ್ಷರ ಉರುಹೊಡೆಯುವಂತಿಲ್ಲ. ಕೇಳುವವರು ತೂಕಡಿಸಿದಲ್ಲಿ ಕುಗ್ಗಿಸಿ, ಕಣ್ಣರಳಿಸಿದಲ್ಲಿ ಹಿಗ್ಗಿಸಿ, ಆ ಇರುಳಿಗೆ ತಕ್ಕಂತೆ ಹೊಸದಾಗಿ ಕಟ್ಟಬೇಕು. ಈ ವಿದ್ಯೆ ಬೆನ್ನಹಿಂದೆ ಕುಳಿತವನಿಗಲ್ಲದೆ ದಕ್ಕದು. ಹೀಗೆ ಒಂಟಿ ಹಾಡುಗಾರನನ್ನು ತಯಾರು ಮಾಡಿದ್ದು ಗುಂಪು. ಅವನ ಕಲಿಕೆಯ ಕಾಲಕ್ಕೆ ಅನ್ನವಿಟ್ಟದ್ದು ಜೋಳಿಗೆಗೆ ರಾಗಿ ಸುರಿದ ಊರು.

ಇಂಗ್ಲೆಂಡಿನ ಜನಪದ ಗಾಯಕನೂ ಬಹುಮಟ್ಟಿಗೆ ಒಂಟಿಯೇ. ಅವನಿಗೆ ಪಕ್ಕವಾದ್ಯವೂ ಇರಲಿಲ್ಲ. 1903ರಲ್ಲಿ ಸಾಮರ್‌ಸೆಟ್ಟಿನ ಹ್ಯಾಂಬ್ರಿಜ್ ಎಂಬ ಹಳ್ಳಿಯಲ್ಲಿ ಜಾನ್ ಇಂಗ್ಲೆಂಡ್ ಎಂಬ ತೋಟಗಾರ ಹಾಡಿಕೊಳ್ಳುತ್ತಿದ್ದುದನ್ನು ಸೆಸಿಲ್ ಶಾರ್ಪ್ ಬರೆದುಕೊಂಡ. ಮುಂದೆ ಅಂಥ ಹಾಡುಗಳು ಪಿಯಾನೊ ಏರಿದವು, ಶಾಲೆ ಸೇರಿದವು. ಹೊಸಬ ಪುಸ್ತಕದಿಂದಲೇ ಆರಂಭಿಸುವಂತಾಯಿತು. ಹಾಡು ಉಳಿಯಿತು, ನಿಜ. ಆದರೆ ಕಲಿಯುವ ದಾರಿ ಬೇರೆಯಾಯಿತು.

ನಮ್ಮಲ್ಲಿಯೂ ಸಂಗ್ರಾಹಕರ ಉಪಕಾರ ದೊಡ್ಡದು. ನಾಗಮಂಗಲ ತಾಲ್ಲೂಕು ಒಂದೇ ಜೀ. ಶಂ. ಪರಮಶಿವಯ್ಯನವರನ್ನೂ ಎಚ್. ಎಲ್. ನಾಗೇಗೌಡರನ್ನೂ ಕೊಟ್ಟಿತು. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಬಳಿಯ ಜಾನಪದ ಲೋಕ ಅವರ ಕನಸಿನ ಫಲ. ಬಳಿಕ ಕ್ಯಾಸೆಟ್ಟು ಬಂದಿತು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿ ಜೋಳಿಗೆ ಹೋಗದ ಬೀದಿಗಳನ್ನೂ ಹೊಕ್ಕಿತು. ಆದರೆ ಇರುಳಿನ ಕಥೆ ಗಂಟೆಯ ಅಳತೆಗೆ ಇಳಿಯಿತು. ಇಂದು ಅದೇ ದನಿ ಮೊಬೈಲಿನಲ್ಲಿದೆ.

ನನ್ನ ವಿದ್ಯಾರ್ಥಿಯ ಕೈಯಲ್ಲಿರುವುದು ಈ ಮೊಬೈಲೇ. ಅದು ಧಾಟಿಯನ್ನು ಕಲಿಸೀತು. ಕೇಳುವವನ ಮುಖ ನೋಡಿ ಕಥೆಯ ದಾರಿ ತಿರುಗಿಸುವುದನ್ನು ಕಲಿಸಲಾರದು. ಆದಕಾರಣ ತಂಬೂರಿಯನ್ನು ಕೆಲಕಾಲ ಗೋಡೆಗೆ ತೂಗುಹಾಕಿ ಯಾರಾದರೂ ಹಿರಿಯ ನೀಲಗಾರರ ಹಿಂದೆ ದಮ್ಮಡಿ ಹಿಡಿದು ಕೂರು ಎಂದು ಅವನಿಗೆ ಹೇಳಿದೆ. “ಹೊಟ್ಟೆಪಾಡಿಗೆ ಏನು ಮಾಡ್ಲಿ ಸಾರ್?” ಎಂದ. ಊರಿನ ರಾಗಿ ಹಿಂದೆ ಉತ್ತರಿಸಿದ್ದ ಪ್ರಶ್ನೆ ಅದು.

ನೀಲಗಾರರಲ್ಲಿ ಹೆಚ್ಚಿನವರು ಬಡವರು, ಅದರಲ್ಲಿಯೂ ದಲಿತರು. ನಮ್ಮ ಸಂಘ ಸಂಸ್ಥೆಗಳು ಅವರನ್ನು ಕರೆದು ಹತ್ತು ನಿಮಿಷ ಹಾಡಿಸಿ ಶಾಲು ಹೊದಿಸುತ್ತವೆ. ಆ ಶಾಲಿಗಿಂತ ಒಂದು ಪೂರ್ತಿ ಇರುಳನ್ನು ಕೊಡುವುದು ಮೇಲು. ಹಿಂದೆ ದಮ್ಮಡಿ ಹಿಡಿದು ಕುಳಿತ ಹುಡುಗನಿಗೂ ಸಂಭಾವನೆ ಕೊಡುವುದು ಇನ್ನೂ ಮೇಲು. ನಾಳೆ ಒಬ್ಬನೇ ನಿಂತು ಹಾಡಬೇಕಾದವನು ಅವನೇ ತಾನೆ!