ವಠಾರದ ನಗೆ ಮತ್ತು ಬರೆಯದೆ ಉಳಿದ ಕಾದಂಬರಿ

ಈಚೆಗೆ ವಠಾರದ ಮಾತು ಬಂದರೆ ಸಾಕು, ‘ಆಗೆಲ್ಲ ಎಷ್ಟು ಅನ್ಯೋನ್ಯವಾಗಿದ್ದರು, ಒಂದೇ ಮನೆಯವರ ಹಾಗೆ’ ಎಂಬ ರಾಗ ಶುರುವಾಗುತ್ತದೆ. ವಠಾರದ ನಗೆಬರಹಗಳನ್ನೂ ಆ ರಾಗಕ್ಕೆ ತಾಳ ಹಾಕಲು ಬರೆದವು ಎಂಬಂತೆಯೇ ಓದುತ್ತಿದ್ದಾರೆ. ನಲವತ್ತು ವರ್ಷ ನಗೆಬರಹ ಬರೆದ, ಬೇರೆಯವರದನ್ನು ತಿದ್ದಿದ ನನಗೆ ಈ ಓದು ಒಪ್ಪಿಗೆಯಾಗುವುದಿಲ್ಲ. ವಠಾರದ ನಗೆ ಹುಟ್ಟಿದ್ದು ಕೊರತೆಯಲ್ಲಿ: ನೀರಿನ ಕೊರತೆ, ಜಾಗದ ಕೊರತೆ, ತಿಂಗಳ ಕೊನೆಯ ವಾರದಲ್ಲಿ ಕಾಸಿನ ಕೊರತೆ.

ನಾನು ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಎಂಟು ಮನೆಗಳ ವಠಾರದಲ್ಲಿ. ಎಂಟಕ್ಕೂ ಸೇರಿ ಮಂಗಳೂರು ಹೆಂಚಿನ ಒಂದೇ ಮಾಡು. ನಡುಗೋಡೆಗಳು ಮಾಡನ್ನು ಮುಟ್ಟುತ್ತಿರಲಿಲ್ಲ, ಮೇಲೆ ಮೂರಡಿ ಬಯಲು. ಒಂದು ಮನೆಯ ರೇಡಿಯೊ ಐದು ಮನೆಗೆ ಸಾಕಾಗುತ್ತಿತ್ತು. ಮೂರನೇ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಆರನೇ ಮನೆಯವರು ಕೆಮ್ಮುತ್ತಿದ್ದರು. ವಠಾರದ ಹಾಸ್ಯದ ತಂತ್ರವೆಲ್ಲ ಆ ಮೂರಡಿ ಬಯಲಿನಲ್ಲೇ ಇದೆ. ಅರ್ಧ ಮಾತು ಕಿವಿಗೆ ಬೀಳುತ್ತದೆ, ಮಿಕ್ಕರ್ಧವನ್ನು ಕೇಳಿಸಿಕೊಂಡವರೇ ಕಟ್ಟಿಕೊಳ್ಳುತ್ತಾರೆ.

ಶುರುವಿನ ಕಾಲವನ್ನು ಬೇಗ ದಾಟಬಹುದು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ಓದಿಗೆ, ಗುಮಾಸ್ತಿಕೆಗೆ ಊರು ಬಿಟ್ಟು ಬಂದವರು ಬಾಡಿಗೆ ಮನೆ ಹುಡುಕಿದರು. ಕೈಲಾಸಂ ತಮ್ಮ ನಾಟಕಗಳಲ್ಲಿ ಈ ನಗರದ ಮಧ್ಯಮವರ್ಗಕ್ಕೆ ಅದರದೇ ಬೆರಕೆ ಮಾತನ್ನು ಕೊಟ್ಟರು. ಆದರೆ ಅವರ ಕಣ್ಣಿದ್ದದ್ದು ಮನೆಯೊಳಗಿನ ಹಜಾರದ ಮೇಲೆ, ಮನೆಗಳ ನಡುವಿನ ಅಂಗಳದ ಮೇಲಲ್ಲ.

ಅಂಗಳಕ್ಕೆ ಬೆಳಕು ಬಿದ್ದದ್ದು ‘ಕೊರವಂಜಿ’ಯಿಂದ. ವೈದ್ಯರಾಗಿದ್ದ ರಾಶಿ ಅವರು 1942ರಲ್ಲಿ ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದ ಈ ಮಾಸಪತ್ರಿಕೆಯಲ್ಲಿ ನಾ. ಕಸ್ತೂರಿ ಬರೆದರು, ಆರ್.ಕೆ. ಲಕ್ಷ್ಮಣ್ ಚಿತ್ರ ಬರೆದರು. ನನಗೆ ಇವರೆಲ್ಲರಿಗಿಂತ ಮುಖ್ಯರಾಗಿ ಕಾಣುವವರು ಟಿ. ಸುನಂದಮ್ಮ. ಅದುವರೆಗೆ ನಗೆಬರಹದ ಹೆಂಗಸು ಗಂಡನನ್ನು ಪೀಡಿಸುವವಳು, ಇಲ್ಲವೇ ಪೆದ್ದಿ. ಸುನಂದಮ್ಮನವರ ಬರಹದಲ್ಲಿ ಆಕೆಯೇ ನೋಡುವವಳು, ಆಕೆಯೇ ನಗುವವಳು. ಅಡುಗೆಮನೆ, ಅತ್ತೆತನ, ಮಹಿಳಾ ಸಮಾಜದ ಮೀಟಿಂಗು ಎಲ್ಲವನ್ನೂ ಒಳಗಿನಿಂದ, ಯಾರನ್ನೂ ನೋಯಿಸದೆ ಬರೆದರು. ಮುಂದೆ ಕರ್ನಾಟಕ ಲೇಖಕಿಯರ ಸಂಘದ ಮೊದಲ ಅಧ್ಯಕ್ಷೆಯೂ ಆದರು. ನಮ್ಮ ವಿಮರ್ಶೆ ಅವರನ್ನು ‘ತಿಳಿಹಾಸ್ಯ’ ಎಂಬ ಒಂದು ಪದದಲ್ಲಿ ಮುಗಿಸಿದ್ದು ದೊಡ್ಡ ಅನ್ಯಾಯ.

ನಮ್ಮ ಪೀಳಿಗೆಗೆ ಜಾಗ ಕೊಟ್ಟದ್ದು ವಾರಪತ್ರಿಕೆ, ಮಾಸಪತ್ರಿಕೆಗಳು. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1983ರಲ್ಲಿ ‘ತರಂಗ’. ಇವುಗಳ ಪುಟಗಳಲ್ಲಿ ವಠಾರದ ಎಲ್ಲ ಪಾತ್ರಗಳೂ ರೂಪು ಪಡೆದವು. ರಾತ್ರಿ ಹತ್ತಕ್ಕೆ ಮೇನ್ ಸ್ವಿಚ್ ಆರಿಸುವ ಓನರ್ರು, ಬೆಳಗಿನ ಜಾವ ನಾಲ್ಕೂವರೆಗೇ ನಲ್ಲಿಕಟ್ಟೆಯಲ್ಲಿ ಕೊಡವಿಟ್ಟು ಮತ್ತೆ ಮಲಗಿಬಿಡುವ ಪದ್ದಕ್ಕ, ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವ ಪಕ್ಕದ ಮನೆ ಹುಡುಗ. ಆ ಲೋಟದ ಲೆಕ್ಕ ಬಲು ಸೂಕ್ಷ್ಮ. ನಮ್ಮಮ್ಮ ಕಾಫಿಪುಡಿ ಸಾಲ ಕೊಡುವಾಗ ಲೋಟವನ್ನು ಕುಟ್ಟಿ ಮಟ್ಟ ಮಾಡುತ್ತಿದ್ದಳು. ವಾಪಸು ಬಂದದ್ದು ಕುಟ್ಟದೆ ತುಂಬಿದ್ದಾಗಿದ್ದರೆ ಒಂದು ಮಾತೂ ಆಡದೆ ಸುರಿದುಕೊಳ್ಳುತ್ತಿದ್ದಳು. ಮುಂದಿನ ಸಲ ತಾನೂ ಕುಟ್ಟದೆ ಕೊಡುತ್ತಿದ್ದಳು. ಇದನ್ನು ಬರೆದಾಗ ಓದುಗರು ನಕ್ಕರು. ನಾನು ಬರೆದದ್ದು ಮಾತ್ರ ಒಬ್ಬ ಗುಮಾಸ್ತನ ಸಂಬಳದ ಕಥೆ.

ಆದರೆ ಪತ್ರಿಕೆಯಲ್ಲಿ ನಮಗೆ ಸಿಗುತ್ತಿದ್ದದ್ದು ಎರಡು ಪುಟ. ನಾವು ಎರಡು ಪುಟದ ಉಸಿರನ್ನೇ ರೂಢಿ ಮಾಡಿಕೊಂಡೆವು. ಹೀಗಾಗಿ ಕನ್ನಡದಲ್ಲಿ ವಠಾರದ ಹರಟೆಗಳು ಹೇರಳ, ಇಡೀ ವಠಾರವೇ ನಾಯಕನಾದ ಹಗುರ ಮನಸ್ಸಿನ ಕಾದಂಬರಿ ತೀರ ಅಪರೂಪ. ಆ ಕೆಲಸವನ್ನು ಸಿನಿಮಾ ಮಾಡಿತು. 1990ರಲ್ಲಿ ಫಣಿ ರಾಮಚಂದ್ರರ ‘ಗಣೇಶನ ಮದುವೆ’ ಬಂತು. ಅನಂತನಾಗ್ ಬಾಡಿಗೆದಾರ, ಮುಖ್ಯಮಂತ್ರಿ ಚಂದ್ರು ಮಾಲೀಕ. ಆ ಇಬ್ಬರ ಜಗಳ ಕನ್ನಡಿಗರಿಗೆ ಇಂದಿಗೂ ಬಾಯಿಪಾಠ.

ಮರಾಠಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ. ಪು.ಲ. ದೇಶಪಾಂಡೆಯವರ ‘ಬಟಾಟ್ಯಾಚಿ ಚಾಳ’ 1958ರದು; ಚಾಳ ಎಂದರೆ ಮುಂಬೈಯ ವಠಾರ. ಅದೂ ಬಿಡಿ ಬರಹಗಳ ಸರಣಿಯೇ, ಆದರೆ ಎಲ್ಲವನ್ನೂ ಒಂದು ಕಟ್ಟಡ ಹಿಡಿದು ನಿಲ್ಲಿಸುತ್ತದೆ. ಬಾಡಿಗೆದಾರರು ತಾರಸಿಗಾಗಿ ಚಳವಳಿ ಹೂಡುವಾಗ ಅದರ ಘೋಷಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ದನಿ ಕೇಳುತ್ತದೆ. ಒಂದು ಚಾಳಿನೊಳಗೆ ಇಡೀ ನಾಡಿನ ರಾಜಕಾರಣ ಬಂದು ಕೂರುತ್ತದೆ. ನಮ್ಮವರೇ ಆದ ಮುಂಬೈ ಕನ್ನಡಿಗರಲ್ಲಿ ಚಿತ್ತಾಲರು ‘ಶಿಕಾರಿ’ಯಲ್ಲಿ ನಗರದ ಭಯವನ್ನು ಬರೆದರು. ಜಯಂತ ಕಾಯ್ಕಿಣಿಯವರು ‘ಅಮೃತಬಳ್ಳಿ ಕಷಾಯ’, ‘ತೂಫಾನ್ ಮೇಲ್’ ಸಂಕಲನಗಳಲ್ಲಿ ಚಾಳು, ಖೋಲಿಗಳ ಜನರನ್ನು ಒಲವಿನಿಂದ ಕಂಡರು. ಅವರ ಕಥೆಗಳಲ್ಲಿ ನಗೆ ತುಟಿಯಂಚಿನಲ್ಲೇ ನಿಲ್ಲುತ್ತದೆ, ಅದು ಅಲ್ಲಿಗೆ ತಕ್ಕದ್ದೇ.

ಈಗ ವಠಾರದ ಜಾಗದಲ್ಲಿ ನಿಂತಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕಾನೂನು ಬಂದದ್ದು 1972ರಲ್ಲಿ, ಜನ ಅಲ್ಲಿಗೆ ನುಗ್ಗಿದ್ದು ಎಷ್ಟೋ ತಡವಾಗಿ. ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಯಂಥ ಟಿ.ವಿ. ಧಾರಾವಾಹಿಗಳು ನಗೆಯನ್ನು ಮನೆಮನೆಗೆ ಮುಟ್ಟಿಸಿದವು. ಅವುಗಳ ನೆರೆಯವರು ಮಾತ್ರ ಹಳೆಯ ವಠಾರದವರ ಹಾಗೆಯೇ ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದರು. ನಿಜದ ಅಪಾರ್ಟ್‌ಮೆಂಟಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಎಲ್ಲರೂ ಓನರ್ರೇ. ಒಟ್ಟಾಗಿ ಬೈಯಲು ಒಬ್ಬ ಮಾಲೀಕನಿಲ್ಲ, ಮೂರಡಿ ಬಯಲೂ ಇಲ್ಲ. ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳುತ್ತದೆ, ಎಳೆದವರು ಯಾರೋ ತಿಳಿಯದು. ಮಾತೆಲ್ಲ ವಾಟ್ಸಾಪ್ ಗುಂಪಿನಲ್ಲಿ, ಮೇಂಟೆನೆನ್ಸ್ ಬಾಕಿ ಮತ್ತು ಪಾರ್ಕಿಂಗ್ ಬಗ್ಗೆ. ಈ ಹೊಸ ಮೌನಕ್ಕೆ ಹೊಂದುವ ತಂತ್ರ ನಮ್ಮ ಹಾಸ್ಯಕ್ಕೆ ಇನ್ನೂ ಸಿಕ್ಕಿಲ್ಲ.

ಇನ್ನೊಂದು ಕೊರತೆಯನ್ನು ಹೇಳಲೇಬೇಕು. ನಮ್ಮ ವಠಾರದಲ್ಲಿ ಮನೆ ಕೇಳಲು ಬಂದವರಿಗೆ ಮೊದಲ ಪ್ರಶ್ನೆ ‘ನೀವು ಯಾವ ಪೈಕಿ?’ ಬಾಡಿಗೆಯ ಮಾತು ಆಮೇಲೆ. ಉತ್ತರ ಹಿಡಿಸದೆ ಗೇಟಿನಿಂದಲೇ ಹಿಂದಿರುಗಿದವರನ್ನು ನಾನು ಕಂಡಿದ್ದೇನೆ. ನಾವು ಬರೆದ ನೂರಾರು ನಗೆಬರಹಗಳ ಒಳಗೂ ಅವರು ಬರಲಿಲ್ಲ. ಎಂಟು ಮನೆಗಳ ಅಡುಗೆ ಒಂದೇ ಬಗೆಯದಾಗಿದ್ದರಿಂದ ಜಗಳಗಳೂ ಒಂದೇ ಬಗೆಯವಾದವು. ಅನ್ಯೋನ್ಯತೆ ಎಂದು ಈಗ ಕೊಂಡಾಡುವುದರ ಬೆಲೆ ತೆತ್ತವರು ಗೇಟಿನ ಹೊರಗಿದ್ದವರು.

ಈಗ ನಾನಿರುವ ಕಟ್ಟಡದಲ್ಲಿ ಮೂವತ್ತಾರು ಮನೆಗಳು. ಮನೆಗೆಲಸಕ್ಕೆ ಬರುವ ಅಕ್ಕ ಅವುಗಳಲ್ಲಿ ಏಳನ್ನು ಬೆಳಗಾಗುತ್ತಲೇ ಹತ್ತಿ ಇಳಿಯುತ್ತಾಳೆ. ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗುತ್ತದೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾರ ಮಗ ಕೆಲಸ ಕಳೆದುಕೊಂಡು ಬಾಗಿಲು ಹಾಕಿಕೊಂಡಿದ್ದಾನೆ ಎಲ್ಲವೂ ಆಕೆಗೆ ಗೊತ್ತು. ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ, ನಾಲ್ಕನೇ ಮಹಡಿಯ ಇಬ್ಬರು ಯಜಮಾನರು ಒಂದು ಚಪ್ಪಲಿ ಗೂಡಿಗಾಗಿ ಕಾದಾಡಿದ್ದನ್ನು ಇಬ್ಬರ ದನಿಯಲ್ಲೂ ಆಡಿ ತೋರಿಸಿದಳು. ನನ್ನ ಹೆಂಡತಿ ನಕ್ಕು ನಕ್ಕು ಒಲೆ ಆರಿಸಿ ಕೂತಳು. ಕಥೆ ಮುಗಿಯುವ ಮೊದಲೇ ಐದನೇ ಮಹಡಿಯಿಂದ ಫೋನು ಬಂತು. ಅಕ್ಕ ಕೈ ಒರೆಸಿಕೊಂಡು ಹೊರಟಳು.