ಹಂಪ್ ಮೇಲೆ 10 ಸೆಂಟಿಮೀಟರ್: ಮಲೆನಾಡಿನ ಗಾಡಿಗಳ ಎತ್ತರದ ಕಥೆ

ಇವತ್ತಿನ ವಿಷಯ ಕಾಯಿಲ್‌ಓವರ್. ಕಾರನ್ನು ಬೇಕಾದಷ್ಟು ತಗ್ಗಿಸೋ, ಬೇಕಾದರೆ ಏರಿಸೋ ಸಸ್ಪೆನ್ಷನ್. ರೀಲ್ಸ್‌ನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಹೋಗೋ ಕಾರುಗಳನ್ನು ನೋಡೇ ಇರ್ತೀರಿ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗಾಡಿಯ ಎತ್ತರ ಎಷ್ಟಿರಬೇಕು ಅಂತ ತೀರ್ಮಾನ ಮಾಡ್ತಾ ಬಂದಿದ್ದು ರಸ್ತೆ. ಮಾಲೀಕನ ಆಸೆಗೆ ಅಲ್ಲಿ ಜಾಗ ಕಡಿಮೆ.

ಎತ್ತಿನ ಗಾಡಿಯಿಂದಲೇ ನೋಡಿ. ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಇದ್ದದ್ದು ದೊಡ್ಡ ಚಕ್ರ. ಚಕ್ರ ದೊಡ್ಡದಾದಷ್ಟೂ ಅಚ್ಚು ಮೇಲಿರುತ್ತೆ, ಕೆಸರಲ್ಲಿ ಹೂತರೂ ಗಾಡಿಯ ಹೊಟ್ಟೆ ತಾಗಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸೋಕೆ ಶುರು ಮಾಡಿತು. ಅದರ ನಾಲ್ಕೂ ಕಡೆ ಬ್ಲೇಡ್ ಸ್ಪ್ರಿಂಗ್. ಎತ್ತರ ಸಾಲದಿದ್ದರೆ ಇನ್ನೊಂದು ಬ್ಲೇಡ್ ಸೇರಿಸಬಹುದು, ಇಲ್ಲವೇ ಉದ್ದದ ಶ್ಯಾಕಲ್ ಹಾಕಬಹುದು. ಬೆನ್ನುಮೂಳೆಗೆ ಪೆಟ್ಟು ಬೀಳೋದು ಖಾತ್ರಿ, ಅಡಿಕೆ ಮೂಟೆ ಮನೆ ಸೇರೋದೂ ಖಾತ್ರಿ.

1950ರ ದಶಕದ ಕೊನೆಗೆ ಬಂದ ಅಂಬಾಸಿಡರ್‌ನ ಮುಂಭಾಗ ನಿಂತಿದ್ದು ಟಾರ್ಷನ್ ಬಾರ್ ಮೇಲೆ. ಅಂದರೆ ತಿರುಚಿಕೊಳ್ಳೋ ಉಕ್ಕಿನ ಸರಳು. ಅದನ್ನು ಕೂರಿಸೋ ಕೋನ ಬದಲಿಸಿದರೆ ಮುಂಭಾಗ ಏರುತ್ತೆ ಅಥವಾ ಇಳಿಯುತ್ತೆ. ಅಷ್ಟು ಹೊತ್ತಿಗಾಗಲೇ ಫ್ರಾನ್ಸ್‌ನಲ್ಲಿ, 1955ರ ಸಿಟ್ರೋಯನ್ ಡಿಎಸ್ ಕಾರಲ್ಲಿ, ಒಳಗೆ ಕೂತೇ ಒಂದು ಲಿವರ್ ಎಳೆದು ಇಡೀ ಕಾರನ್ನು ಏರಿಸಬಹುದಿತ್ತು. ಅಂಥದ್ದು ನಮ್ಮ ಘಾಟಿಗಳಿಗೆ ಬಂದಿದ್ದರೆ ಅಂತ ನನಗೆ ಆಗಾಗ ಅನ್ನಿಸುತ್ತೆ, ಇರಲಿ.

ಡಿಸೆಂಬರ್ 1983ರಲ್ಲಿ ಮಾರುತಿ 800 ಬಂತು. ಅದರ ಮುಂದಿನ ಚಕ್ರಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್: ನಡುವೆ ಶಾಕ್, ಸುತ್ತ ಕಾಯಿಲ್ ಸ್ಪ್ರಿಂಗ್. ಲೆಕ್ಕಕ್ಕೆ ಇದೂ ಕಾಯಿಲ್‌ಓವರ್‌ನ ಅಣ್ಣನೇ. ಇವತ್ತು ಅಂಗಡಿಯಲ್ಲಿ ಸಿಗೋ ಕಾಯಿಲ್‌ಓವರ್‌ನಲ್ಲಿ ಹೊಸದು ಅಂದರೆ ಶಾಕ್‌ನ ಮೈಮೇಲಿನ ಥ್ರೆಡ್, ಅದರ ಮೇಲೆ ತಿರುಗೋ ಎರಡು ರಿಂಗ್. ಮೇಲಿನದು ಸ್ಪ್ರಿಂಗ್ ಹೊರುತ್ತೆ, ಕೆಳಗಿನದು ಲಾಕ್. ಸಿ-ಸ್ಪ್ಯಾನರ್ ಹಾಕಿ ಲಾಕ್ ಸಡಿಲಿಸಿ ಮೇಲಿನ ರಿಂಗ್ ಏರಿಸಿದರೆ ಕಾರು ಏರುತ್ತೆ.

ಹಾಗೆ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ಆಗಲ್ಲ. ಸ್ಪ್ರಿಂಗ್ ಭಾರಕ್ಕೆ ತಕ್ಕಷ್ಟೇ ಕುಗ್ಗುತ್ತೆ ಅಂತ ರಾಬರ್ಟ್ ಹುಕ್ 1678ರಲ್ಲೇ ಬರೆದಿದ್ದ. ಕಾರಿನ ತೂಕ ಬದಲಾಗಿಲ್ಲ, ಹಾಗಾಗಿ ಸ್ಪ್ರಿಂಗ್ ಕುಗ್ಗೋದೂ ಅಷ್ಟೇ. ಕೂರೋ ಜಾಗ ಮಾತ್ರ ಬದಲಾಯ್ತು. ಆದರೆ ರಿಂಗ್ ಕೆಳಗಿಳಿಸಿದರೆ ಚಕ್ರ ಮೇಲಕ್ಕೆ ಚಿಮ್ಮೋಕೆ ಉಳಿದಿರೋ ಜಾಗ ಕಡಿಮೆಯಾಗುತ್ತೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವಾಗ ಶಾಕ್ ತಳ ಮುಟ್ಟಿದರೆ ಟೈರಿನ ಹಿಡಿತ ತಪ್ಪಬಹುದು. ಹುಲಿಕಲ್ ಘಾಟಿಯಲ್ಲೂ ಅಷ್ಟೇ. ನನಗೆ ಭಯ ಇರೋದು ಇಲ್ಲಿ, ಬಂಪರ್‌ನ ಗೀರಿನ ಬಗ್ಗೆ ಅಲ್ಲ.

ಗೀರಿನ ಲೆಕ್ಕವೂ ಇದೆ, ಕೇಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹಂಪ್‌ಗೆ ಒಂದು ಅಳತೆ ಕೊಟ್ಟಿತು: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. 2018ರ ಸ್ವಿಫ್ಟ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.45 ಮೀಟರ್. ಹಾಗಾಗಿ ಹಂಪ್ ನಡುವೆ ಬಂದಾಗ ನಾಲ್ಕೂ ಚಕ್ರ ಅದರ ಮೇಲೇ ಇರುತ್ತೆ, ಹೊಟ್ಟೆಯ ಕೆಳಗಿನ ಜಾಗದಲ್ಲಿ ಹಂಪ್ ತಿನ್ನೋದು ಸುಮಾರು 4.4 ಸೆಂಟಿಮೀಟರ್. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್. 50 ಮಿಲಿಮೀಟರ್ ತಗ್ಗಿಸಿದರೂ ದಾಟಬಹುದು. ಈಗ ಊರೊಳಗಿನ ಹಂಪ್ ನೆನಪಿಸಿಕೊಳ್ಳಿ, ಯಾರೋ ರಾತ್ರೋರಾತ್ರಿ ಹಾಕಿದ ಕಿರಿದಾದ ದಿಬ್ಬ. ಎತ್ತರ ಅದೇ 10 ಸೆಂಟಿಮೀಟರ್ ಇದ್ದರೂ ಚಕ್ರಗಳು ಎರಡೂ ಕಡೆ ನೆಲದ ಮೇಲಿರುತ್ತೆ, ಪೂರ್ತಿ 10 ಸೆಂಟಿಮೀಟರ್ ಹೋಯ್ತು. ಉಳಿದದ್ದು 13 ಮಿಲಿಮೀಟರ್. ಹಿಂದೆ ಮೂರು ಜನ ಕೂತರೆ ಅದೂ ಇಲ್ಲ, ಕೆಳಗೆ ಸೈಲೆನ್ಸರ್ ಉಜ್ಜುತ್ತೆ.

ಸಾಗರದವರಿಗೆ ಇನ್ನೊಂದು ಪರೀಕ್ಷೆ ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದ ಮೇಲೆ, ತುಮರಿ, ಸಿಗಂದೂರಿನ ಕಡೆ ಹೋಗೋ ಗಾಡಿಗಳು ದಶಕಗಳ ಕಾಲ ಲಾಂಚ್ ಹತ್ತಬೇಕಿತ್ತು. ದಡದ ಇಳಿಜಾರು ಮುಗಿದು ಲಾಂಚಿನ ಕಬ್ಬಿಣದ ಹಲಗೆ ಶುರುವಾಗೋ ಮೂಲೆ ತಗ್ಗಿದ ಬಂಪರ್‌ಗೆ ಯಮ. ಜುಲೈ 14, 2025ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು, ಆ ಮೂಲೆಯ ಕಾಟ ತಪ್ಪಿತು.

ಇನ್ನು ಕಾನೂನು. ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಜನವರಿ 2019ರಲ್ಲಿ ಹೇಳಿತು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದ ಮೇಲೆ. ಅದೇ ವರ್ಷದ ತಿದ್ದುಪಡಿಯಲ್ಲಿ ಕಾಯ್ದೆ ಮೀರಿದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ರಿಂಗ್ ತಿರುಗಿಸೋಕೆ ಮುಂಚೆ, ಅಲ್ಲ, ಕಾಯಿಲ್‌ಓವರ್ ಕೊಳ್ಳೋಕೆ ಮುಂಚೆಯೇ ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿ.

ಈಗಾಗಲೇ ಹಾಕಿಸಿದ್ದೀರಾ? ಹಾಗಿದ್ದರೆ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಟೇಪಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಎಡ–ಬಲ ರಿಂಗ್ ಸಮ ಸುತ್ತು ತಿರುಗಿಸಿ. ಜಾಕ್ ಇಳಿಸಿದ ತಕ್ಷಣ ಅಳೆಯಬೇಡಿ, ಸ್ವಲ್ಪ ದೂರ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಅಳೆಯಿರಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಹೆಡ್‌ಲೈಟ್ ಎಲ್ಲಿ ಬೀಳುತ್ತೆ ಅಂತಲೂ ನೋಡಬೇಕು. ಮುಂಗಾರಿಗೆ ಮೊದಲು ಥ್ರೆಡ್‌ನ ಕೆಂಪು ಮಣ್ಣು ಬ್ರಷ್‌ನಲ್ಲಿ ತೆಗೆದು ಎಣ್ಣೆ ಹಚ್ಚಿಡಿ. ಉಕ್ಕಿನ ಶಾಕ್ ಮೇಲೆ ಅಲ್ಯೂಮಿನಿಯಂ ರಿಂಗ್ ಇದ್ದರೆ ಒಂದು ಮಳೆಗಾಲದಲ್ಲೇ ಕಚ್ಚಿಕೊಳ್ಳಬಹುದು, ಆಮೇಲೆ ಸ್ಪ್ಯಾನರ್ ಜಾರುತ್ತೆ, ರಿಂಗ್ ಮಾತ್ರ ಅಲ್ಲಾಡಲ್ಲ.