ಕಲ್ಯಾಣದ ನೀರಡಿಕೆ: ನಿರ್ಜಲೀಕರಣದ ಅರಿವು ಬೆಳೆದು ಬಂದ ಬಗೆ

ಇಂದಿನ ಬಸವಕಲ್ಯಾಣವಾದ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಕ್ರಿ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತ, ಬೇಟೆಗಳ ಸಾಲಿನಲ್ಲಿ ಕುಡಿಯುವ ನೀರಿಗೂ ಒಂದು ಅಧ್ಯಾಯ ಸಿಕ್ಕಿದೆ. ಅದರ ಹೆಸರು ‘ಪಾನೀಯಭೋಗ’. ನೀರಿನ ಮೂಲಗಳು ಯಾವುವು, ಯಾವ ಋತುವಿಗೆ ಯಾವ ನೀರು ಹಿತ, ಅದಕ್ಕೆ ಪರಿಮಳ ಕೂಡಿಸುವುದು ಹೇಗೆ ಎಂಬುದೆಲ್ಲ ಅಲ್ಲಿದೆ. ಇದಕ್ಕೂ ಒಂದು ಶತಮಾನ ಮೊದಲು, ಅದೇ ವಂಶದ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ವನ್ನು ಬರೆದಿದ್ದ. ನೆಲದಡಿಯ ನೀರನ್ನು ಗುರುತಿಸುವ ಉದಕಾರ್ಗಳ, ಅಡುಗೆಯ ಸೂಪಶಾಸ್ತ್ರ, ನರವೈದ್ಯ, ಗೋವೈದ್ಯ ಎಲ್ಲವೂ ಅದರಲ್ಲಿ ಒಟ್ಟಿಗೆ ಬರುತ್ತವೆ. ಬಾವಿ ತೋಡುವವನನ್ನೂ ರೋಗಿಯನ್ನು ನೋಡುವವನನ್ನೂ ಒಂದೇ ಪುಸ್ತಕದಲ್ಲಿ ಕೂರಿಸಿದ ಚಾವುಂಡರಾಯನ ದೃಷ್ಟಿ, ಈ ವಿಷಯದ ಮಟ್ಟಿಗೆ, ಸೋಮೇಶ್ವರನದಕ್ಕಿಂತ ದೊಡ್ಡದು. ದೊರೆಯ ಅಧ್ಯಾಯದಲ್ಲಿ ನೀರು ಸುಖದ ವಸ್ತು. ಅಲ್ಲಿ ಯಾರಿಗೂ ನಾಲಗೆ ಒಣಗುವುದಿಲ್ಲ.

ನಾಲಗೆ ಒಣಗುವುದನ್ನು ಗಮನಿಸಿದವರು ವೈದ್ಯರು. ಚರಕಸಂಹಿತೆ ದೇಹದೊಳಗೆ ನೀರು ಹರಿಯುವ ದಾರಿಗಳನ್ನು ‘ಉದಕವಹ ಸ್ರೋತಸ್ಸು’ ಎಂದು ಬೇರೆಯಾಗಿಯೇ ಗುರುತಿಸಿತು. ಅವು ಕೆಟ್ಟಾಗ ನಾಲಗೆ, ಅಂಗುಳ, ತುಟಿ, ಗಂಟಲು ಒಣಗುತ್ತವೆ, ನೀರಡಿಕೆ ಮಿತಿಮೀರುತ್ತದೆ ಎಂದಿತು. ತೃಷ್ಣೆಯನ್ನು ಒಂದು ಲಕ್ಷಣವೆನ್ನದೆ ರೋಗವೆಂದೇ ಎಣಿಸಿ ಚರಕ ಅದರಲ್ಲಿ 5 ಬಗೆ ಹೇಳಿದರೆ, ಸುಶ್ರುತ 7 ಬಗೆ ಹೇಳಿದ. ಇಂದಿನ ವೈದ್ಯರು ನಿರ್ಜಲೀಕರಣವನ್ನು ಪತ್ತೆಹಚ್ಚಲು ನೋಡುವ ಬಾಹ್ಯ ಗುರುತುಗಳಲ್ಲಿ ಕೆಲವು ಆ ಪಟ್ಟಿಯಲ್ಲಿ ಆಗಲೇ ಇದ್ದವು. ಇಲ್ಲದಿದ್ದದ್ದು ಒಂದೇ: ನೀರಿನ ಜೊತೆ ದೇಹದಿಂದ ಹೊರಟುಹೋಗುವ ಉಪ್ಪಿನ ಲೆಕ್ಕ. ಈ ಲೇಖನದ ವಾದ ಇಷ್ಟು. ಕಲ್ಯಾಣದ ಸೀಮೆಗೆ ನೀರು ಕೂಡಿಡುವುದು, ಹಂಚುವುದು ಬಹಳ ಹಿಂದೆಯೇ ಗೊತ್ತಿತ್ತು. ಉಪ್ಪಿನ ಲೆಕ್ಕ ವೈದ್ಯಲೋಕಕ್ಕೆ 1831ರಲ್ಲಿ ಸಿಕ್ಕಿತು. ಆದರೆ ಆ ಲೆಕ್ಕ ಲೋಟದೊಳಕ್ಕೆ ಇಳಿಯಲು ಮತ್ತೆ 140 ವರ್ಷ ಬೇಕಾಯಿತು.

ನೆಲದ ಮಾತು ಮೊದಲು. ಬೀದರ್ ಜಿಲ್ಲೆಯ ಪ್ರಸ್ಥಭೂಮಿಯಲ್ಲಿ ಎತ್ತರದ ಕಡೆ ಜಂಬಿಟ್ಟಿಗೆ, ಅದರಡಿ ಕರಿಗಲ್ಲು. ಜಂಬಿಟ್ಟಿಗೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಕರಿಗಲ್ಲು ತಡೆಯುತ್ತದೆ. ಬಹಮನಿ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಕೊರೆದ ಸುರಂಗಬಾವಿ ಈ ಗುಣವನ್ನೇ ನಂಬಿದೆ. ಬಸವಕಲ್ಯಾಣದ ಮಂದಿಗೆ ತ್ರಿಪುರಾಂತ ಕೆರೆ, ಕೋಟೆಯೊಳಗಿನವರಿಗೆ ಬಾವಿಗಳು. ಕರಂಜಾ, ಮುಲ್ಲಾಮಾರಿ, ಚುಳಕಿ ನಾಲೆಗಳಿಗೆ ಅಣೆ ಬಿದ್ದದ್ದು ಈಚೆಗೆ. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿಯ ಆಸುಪಾಸು ಓಡಾಡುವ ಈ ನೆಲದಲ್ಲಿ ದಾರಿಹೋಕನಿಗೆ ನೀರು ಕೊಡುವುದು ಧರ್ಮಕಾರ್ಯವಾದದ್ದು ಸಹಜ. ಅರವಟ್ಟಿಗೆಗೆ ದತ್ತಿ ಬಿಟ್ಟ ಸಂಗತಿ ಚಾಲುಕ್ಯ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇಸಗೆ ಬಂದರೆ ಇವತ್ತಿಗೂ ಹುಮನಾಬಾದಿನ ಕಡೆ ರಸ್ತೆ ಬದಿ ಹರವಿ ಇಟ್ಟು, ಒದ್ದೆ ಗೋಣಿ ಸುತ್ತಿ, ಮುಚ್ಚಳದ ಮೇಲೆ ಲೋಟ ಬೋರಲು ಹಾಕಿದ ಚಪ್ಪರಗಳು ಕಾಣುತ್ತವೆ. ಮರಾಠಿ ಮಾತಾಡುವವರಿಗೆ ಅದು ಪಾಣಪೋಯಿ, ಉರ್ದು ಮಾತಾಡುವವರಿಗೆ ಸಬೀಲು.

ಈ ಉದಾರತೆಗೆ ಒಂದು ಕರಾಳ ಮಗ್ಗುಲೂ ಇತ್ತು. ಊರ ಬಾವಿಯನ್ನು ಮುಟ್ಟುವ ಹಕ್ಕಿಲ್ಲದವರು ಯಾರಾದರೂ ಮೇಲಿನಿಂದ ಸುರಿಯುವವರೆಗೆ ಬೊಗಸೆಯೊಡ್ಡಿ ಕಾಯಬೇಕಿತ್ತು. ಹೊಲದಲ್ಲಿ ಎಲ್ಲರಿಗಿಂತ ಹೆಚ್ಚು ಬೆವರು ಸುರಿಸುವವರೂ ಅವರೇ. ಡಾ. ಅಂಬೇಡ್ಕರ್ 1927ರಲ್ಲಿ ಮಹಾಡದ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದದ್ದನ್ನು ನಾವು ಹಕ್ಕಿನ ಇತಿಹಾಸದಲ್ಲಿ ಓದುತ್ತೇವೆ. ದೇಹದ ಇತಿಹಾಸದಲ್ಲೂ ಅದಕ್ಕೆ ಜಾಗವಿರಬೇಕು.

ಈಗ ದೇಹದ ಕಡೆ ಬರೋಣ. 70 ಕಿಲೋ ತೂಕದ ಗಂಡಾಳಿನಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರಲ್ಲಿ 28 ಲೀಟರ್ ಜೀವಕೋಶಗಳ ಒಳಗೆ, ಉಳಿದ 14 ಹೊರಗೆ. ಆ ಹೊರಗಿನದರಲ್ಲೂ ರಕ್ತದ ದ್ರವಭಾಗವಾಗಿ ನಾಳಗಳಲ್ಲಿ ಓಡುವುದು 3 ಲೀಟರಿಗೆ ತುಸು ಹೆಚ್ಚು. ಬಿಸಿಲಲ್ಲಿ ಗೇಯುವವನ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಇಳಿಯುವುದು ಅಪರೂಪವಲ್ಲ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಹೋಗುತ್ತದೆ. ಮೈ ತಣ್ಣಗಿರುವುದು ಇದರಿಂದಲೇ, ನೀರು ಕರಗುವುದೂ ಇದರಿಂದಲೇ. ಬೆವರಿನಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ. ಹಾಗಾಗಿ ಮೊದಲಿಗೆ ರಕ್ತ ಗಟ್ಟಿಯಾಗುತ್ತದೆ. ಆ ಗಟ್ಟಿತನ ನೂರಕ್ಕೆ ಒಂದೆರಡು ಪಾಲು ಏರಿದರೆ ಸಾಕು, ಮಿದುಳು ಬಾಯಾರಿಕೆ ಹುಟ್ಟಿಸಿ, ವಾಸೊಪ್ರೆಸಿನ್ ಎಂಬ ರಸದೂತವನ್ನು ಬಿಟ್ಟು, ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಗಳಿಗೆ ಹೇಳಿಕಳಿಸುತ್ತದೆ. ಇಂಗ್ಲೆಂಡಿನ ವರ್ನಿ 1947ರಲ್ಲಿ ಇದರ ಹಿಂದಿರುವ ಸಂವೇದಕಗಳನ್ನು ವಿವರಿಸಿದ. ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ 1950ರ ದಶಕದ ಆರಂಭದಲ್ಲಿ ಆಡುಗಳ ಮಿದುಳಿನ ಹೈಪೊಥಲಮಸಿಗೆ ಚೂರು ಉಪ್ಪುನೀರು ಹಾಕಿದಾಗ ಅವು ಎಡೆಬಿಡದೆ ನೀರು ಕುಡಿಯತೊಡಗಿದವು.

ತೂಕದ ನೂರಕ್ಕೆ 2 ಪಾಲು ನೀರು ಹೋದರೆ ಕೆಲಸದ ಕಸುವು, ಗಮನ ಕುಗ್ಗುತ್ತವೆ. 5 ಪಾಲಿನ ಹೊತ್ತಿಗೆ ತಲೆನೋವು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ಓಡುವ ನಾಡಿ. 10 ಪಾಲಿನ ಹತ್ತಿರ ಕಣ್ಣು ಗುಳಿಬೀಳುತ್ತದೆ, ಚಿವುಟಿದ ಚರ್ಮ ಎದ್ದಂತೆಯೇ ನಿಲ್ಲುತ್ತದೆ, ಕೈಕಾಲು ತಣ್ಣಗಾಗುತ್ತವೆ, ಮೂತ್ರ ನಿಲ್ಲುತ್ತದೆ. ಮಗುವಿನ ಮೈಯಲ್ಲಿ ನೀರಿನ ಪಾಲು ದೊಡ್ಡವರಿಗಿಂತ ಹೆಚ್ಚು, ಆದರೆ ಒಟ್ಟು ದಾಸ್ತಾನು ಕಡಿಮೆ. ಹಾಗಾಗಿ ದೊಡ್ಡವರಿಗೆ ದಿನ ಹಿಡಿಯುವ ಅವಸ್ಥೆ ಕೂಸಿಗೆ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಮುದುಕರದು ಇನ್ನೊಂದು ತೊಂದರೆ. ಅವರಿಗೆ ನೀರಡಿಕೆಯ ಅರಿವೇ ಮಂದ.

ಆದರೆ ಉಪ್ಪಿನ ಲೆಕ್ಕ ಮನುಷ್ಯನಿಗೆ ಮೊದಲು ತಿಳಿದದ್ದು ಬಿಸಿಲಿನಿಂದಲ್ಲ, ಕಾಲರಾದಿಂದ. ಇಲ್ಲಿನ ಹಳಬರು ಹೈಜಾ ಎನ್ನುತ್ತಿದ್ದ ಈ ವಾಂತಿಭೇದಿ 1817ರಲ್ಲಿ ಬಂಗಾಳದಿಂದ ಹೊರಟು, 1818ರಲ್ಲಿ ಸೈನ್ಯಗಳ ಬೆನ್ನು ಹಿಡಿದು ದಖ್ಖಣಕ್ಕೆ ಇಳಿಯಿತು. ಮುಂದಿನ ನೂರು ವರ್ಷ ಜಾತ್ರೆ, ಯಾತ್ರೆ, ಬರ ಮೂರೂ ಅದಕ್ಕೆ ದಾರಿಯಾದವು. ಪಂಢರಪುರ, ತುಳಜಾಪುರ, ಗಾಣಗಾಪುರಗಳ ನಡುವಿನ ಈ ನಾಡಿನಲ್ಲಿ ಯಾತ್ರಿಕರಿಗೇನು ಕೊರತೆಯೇ? ಕಲ್ಯಾಣಿ ಎನಿಸಿದ್ದ ಕಲ್ಯಾಣ ಆಗ ನವಾಬರ ಜಾಗೀರು, ಹೈದರಾಬಾದ್ ನಿಜಾಮರ ಸೀಮೆ. 1876–78ರ ದೊಡ್ಡ ಬರ ನಿಜಾಮರ ಪಶ್ಚಿಮ ಮತ್ತು ದಕ್ಷಿಣ ಜಿಲ್ಲೆಗಳನ್ನೂ ತಟ್ಟಿತು. ಅಂಥ ಬರಗಳಲ್ಲಿ ಹಸಿವಿನ ಜೊತೆಗೆ ಜನರನ್ನು ಕೊಂದದ್ದು ಬತ್ತಿದ ಬಾವಿಯ ತಳದ ಕೊಳಕು ನೀರು. ತೀವ್ರ ಕಾಲರಾದಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ದ್ರವ ಹೊರಹೋಗಬಹುದು. ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಇಲ್ಲ ಎನ್ನುವ ಮಾತು ಉತ್ಪ್ರೇಕ್ಷೆಯಲ್ಲ.

1831ರ ಕೊನೆಗೆ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಾಗ 22 ವರ್ಷದ ಐರಿಷ್ ವೈದ್ಯ ವಿಲಿಯಂ ಓಷಾನೆಸಿ ರೋಗಿಗಳ ರಕ್ತವನ್ನು ರಾಸಾಯನಿಕವಾಗಿ ಪರೀಕ್ಷಿಸಿದ. ರಕ್ತದಿಂದ ನೀರೂ ಲವಣವೂ ಹೋಗಿವೆ, ಹೋದದ್ದನ್ನು ತುಂಬಿದರೆ ಬದುಕಿಸಬಹುದು ಎಂದು ಬರೆದ. ಇದೇ ಓಷಾನೆಸಿ ಮುಂದೆ ಕಲ್ಕತ್ತೆಗೆ ಬಂದು ಭಾರತಕ್ಕೆ ತಂತಿ ಎಳೆಸಿದ. ಇತಿಹಾಸ ಅವನನ್ನು ತಂತಿಯವನೆಂದೇ ನೆನಪಿಟ್ಟಿದೆ. ಅವನ ಸಲಹೆಯನ್ನು ಮೈಮೇಲೆ ಹಾಕಿಕೊಂಡವನು ಸ್ಕಾಟ್ಲೆಂಡಿನ ಲೀಥ್ ಊರಿನ ಥಾಮಸ್ ಲಟ್ಟಾ. 1832ರ ಮೇ ತಿಂಗಳಲ್ಲಿ ಸಾಯುವ ಸ್ಥಿತಿಯಲ್ಲಿದ್ದ ವೃದ್ಧೆಯೊಬ್ಬಳ ರಕ್ತನಾಳಕ್ಕೆ ಅವನು ಉಪ್ಪು, ಸೋಡಾ ಬೆರೆಸಿದ ನೀರನ್ನು ಔನ್ಸು ಔನ್ಸಾಗಿ ಬಿಟ್ಟ. 6 ಪಿಂಟ್ ಹೋಗುವಷ್ಟರಲ್ಲಿ ಗುಳಿಬಿದ್ದ ಕಣ್ಣು ಹೊಳೆಯಿತು, ನಿಂತಂತಿದ್ದ ನಾಡಿ ಮರಳಿತು, ಮೈ ಬೆಚ್ಚಗಾಯಿತು. ಲಟ್ಟಾ ಅವಳನ್ನು ಆಸ್ಪತ್ರೆಯ ಬೇರೊಬ್ಬ ವೈದ್ಯನಿಗೆ ಒಪ್ಪಿಸಿ ಹೋದ. ಭೇದಿ ಮತ್ತೆ ಶುರುವಾಯಿತು, ಮತ್ತೆ ತುಂಬುವವರಿರಲಿಲ್ಲ, ಕೆಲವೇ ಗಂಟೆಗಳಲ್ಲಿ ಅವಳು ತೀರಿಕೊಂಡಳು. ಮರುವರ್ಷ ಲಟ್ಟಾನೂ ತೀರಿಕೊಂಡ. ಕಾಲರಾ ಹಿಂಜರಿಯಿತು, ಅವನ ವಿಧಾನ ಮೂಲೆ ಸೇರಿತು.

ಆಮೇಲಿನ ದಶಕಗಳಲ್ಲಿ ವೈದ್ಯರು ರಕ್ತ ತೆಗೆದರು, ಪಾದರಸದ ಔಷಧಿ ಕೊಟ್ಟರು, ಅಫೀಮು ಕೊಟ್ಟರು. ನೀರನ್ನು ತಡೆಹಿಡಿದವರೂ ಇದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಲಿಯೊನಾರ್ಡ್ ರೋಜರ್ಸ್ ಕಲ್ಕತ್ತೆಯಲ್ಲಿ ಗಾಢ ಲವಣದ್ರಾವಣವನ್ನು ನಾಳಕ್ಕೆ ಹಾಕಿ ಸಾವನ್ನು ಗಣನೀಯವಾಗಿ ಇಳಿಸಿದ. ಅಲ್ಲಿಂದ ‘ಸಲೈನ್ ಹಚ್ಚುವುದು’ ಚಿಕಿತ್ಸೆಯ ಇನ್ನೊಂದು ಹೆಸರೇ ಆಯಿತು. ಸೂಜಿ, ಶುದ್ಧ ಬಾಟಲಿ, ನುರಿತ ಕೈ ಮೂರೂ ಬೇಕಾದ ಈ ಚಿಕಿತ್ಸೆ ಕಲ್ಯಾಣಿಯಂಥ ಊರಿಗೆ ಹೇಗೆ ತಲುಪಬೇಕು? ‘ಸಲೈನ್ ಹಚ್ಚಿದರೇನೆ ಗುಣ’ ಎಂಬ ನಂಬಿಕೆ ಮಾತ್ರ ತಲುಪಿತು, ಈಗಲೂ ಹೋಗಿಲ್ಲ.

ಬಾಯಿಂದಲೇ ತುಂಬಬಹುದೆಂದು ಮೊದಲು ತೋರಿಸಿದವರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಒಬ್ಬರು. ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು 186 ಕಾಲರಾ ರೋಗಿಗಳಿಗೆ ಕುಡಿಸಿದ ವರದಿಯನ್ನು ಅವರು 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಅದನ್ನು ಬಹುಮಂದಿ ಗಣಿಸಲಿಲ್ಲ. ಗಣಿಸದಿರಲು ಕಾರಣ ವೈಜ್ಞಾನಿಕ ಎಚ್ಚರ ಮಾತ್ರವೇ ಆಗಿತ್ತೆಂದು ನನಗೆ ಅನ್ನಿಸುವುದಿಲ್ಲ. 1959ರಲ್ಲಿ ಶಂಭುನಾಥ ಡೇ ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಡಿಸುತ್ತದೆಂದು ಕಂಡುಹಿಡಿದರು. 1960ರಲ್ಲಿ ರಾಬರ್ಟ್ ಕ್ರೇನ್ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಸೋಡಿಯಮ್ಮನ್ನು ಜೊತೆಗೆ ಕರೆದುಕೊಂಡೇ ಒಳಗೆ ಹೋಗುತ್ತದೆಂದು ವಿವರಿಸಿದ. ಅವೆರಡರ ಹಿಂದೆ ನೀರೂ ಹೋಗುತ್ತದೆ. ಕಾಲರಾ ಈ ಬಾಗಿಲನ್ನು ಮುಚ್ಚುವುದಿಲ್ಲ. ಬರಿ ನೀರು ಯಾಕೆ ಸಾಲದು, ಬರಿ ಉಪ್ಪುನೀರು ಯಾಕೆ ಹಿಡಿಯುವುದಿಲ್ಲ ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಕ್ಕಿತು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಅದನ್ನು ರೋಗಿಗಳ ಮೇಲೆ ಅಳೆದು ತೋರಿಸಿದರು.

ನಿಜವಾದ ಪರೀಕ್ಷೆ ನಡೆದದ್ದು 1971ರಲ್ಲಿ, ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಆಸ್ಪತ್ರೆಯ ನೆಲದ ಮೇಲೆ. ಸಲೈನ್ ಬಾಟಲಿ ಮುಗಿಯುತ್ತಿದ್ದವು. ವೈದ್ಯ ದಿಲೀಪ್ ಮಹಾಲನೊಬಿಸ್ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಯ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. 1978ರಲ್ಲಿ ‘ಲ್ಯಾನ್ಸೆಟ್’ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯಾಗಬಹುದೆಂದಿತು. ಮಹಾಲನೊಬಿಸರಿಗೆ ದೇಶ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಹೋದ ಮೇಲೆ.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರ ದಶಕದಲ್ಲಿ ಮನೆಮನೆಗೆ ಹೋಗಿ ಅರ್ಧ ಲೀಟರ್ ನೀರಿಗೆ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂದು ತಾಯಂದಿರಿಗೆ ಕಲಿಸಿತು. ಉಪ್ಪು, ಬೆಲ್ಲ, ನೀರು: ಈ ಮೂರೂ ಕಬ್ಬಿನ ನಾಡಾದ ಹುಮನಾಬಾದಿನ ಯಾವ ಅಡುಗೆಮನೆಯಲ್ಲಿಲ್ಲ? ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಅಕ್ಕಿ ಗಂಜಿ ಈ ತತ್ವಕ್ಕೆ ಹತ್ತಿರದವೇ. ಗಂಜಿಯ ಪಿಷ್ಟ ಕರುಳಿನಲ್ಲಿ ಮೆಲ್ಲಗೆ ಗ್ಲೂಕೋಸ್ ಆಗುತ್ತದೆ. ಕಾಲರಾದಲ್ಲಿ ಅಕ್ಕಿಯ ದ್ರಾವಣ ಚೆನ್ನಾಗಿ ಕೆಲಸ ಮಾಡುತ್ತದೆಂದು ಪ್ರಯೋಗಗಳು ಹೇಳಿವೆ. ಆದರೆ ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ಎದೆ ಉಬ್ಬಿಸುವವರ ಜೊತೆ ನಾನು ಸೇರಲಾರೆ. ಜುಲಾಬು ಹಿಡಿದ ಕೂಸಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂದು ಬಾಯಿ ಕಟ್ಟಿದ್ದೂ ಅದೇ ಅಡುಗೆಮನೆ. ಅಳತೆಯೂ ಮುಖ್ಯ. ಉಪ್ಪು ಹೆಚ್ಚಾದರೆ ಕೂಸಿನ ಮಿದುಳಿಗೇ ಅಪಾಯ.

ಬಿಸಿಲಿನ ನಿರ್ಜಲೀಕರಣದ ಕಥೆ ಬೇರೆ ದಾರಿಯಲ್ಲಿ ಬೆಳೆಯಿತು. 1920ರ ದಶಕದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಧಾರಾಳ ನೀರು ಕುಡಿದೂ ಸ್ನಾಯು ಸೆಳೆತದಿಂದ ಕುಸಿಯುತ್ತಿದ್ದ ಕಾರ್ಮಿಕರಿಗೆ ಉಪ್ಪುನೀರಿನಿಂದ ಗುಣ ಕಂಡಿತು. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಿಂದ ಬಂದ ಸುದ್ದಿ ಇನ್ನೂ ಹತ್ತಿರದ್ದು. ಎಲ್ ಸಾಲ್ವಡಾರ್‌ನ ವೈದ್ಯರು 2002ರಲ್ಲಿ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇಲ್ಲದ ಹರೆಯದ ಕೂಲಿಗಳ ಮೂತ್ರಪಿಂಡ ಕೆಟ್ಟಿರುವುದನ್ನು ವರದಿ ಮಾಡಿದರು. ದಿನದಿನವೂ ಬಿಸಿಲಲ್ಲಿ ಒಣಗುವುದು ಅದರ ಕಾರಣಗಳಲ್ಲೊಂದೆಂದು ಹಲವು ಸಂಶೋಧಕರ ಅಭಿಪ್ರಾಯ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಲ ಕಬ್ಬು ಕಡಿಯುವ ಗುಂಪುಗಳಿಗೂ ಇದು ಸಂಬಂಧಪಟ್ಟ ವಿಷಯ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಗುಮಾಸ್ತನಿಗೆ ಸಿಕ್ಕ ಈ ನೆರಳು ಕೂಲಿಗೂ ಸಿಗಬೇಕು.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಯಿಂದ ಕುಡಿಸುವ ಉಪ್ಪು-ಗ್ಲೂಕೋಸ್ ದ್ರಾವಣದ, ಅಂದರೆ ಓಆರ್‌ಎಸ್ ಸೂತ್ರವನ್ನು ಪರಿಷ್ಕರಿಸಿತು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಅದೇ ಹೆಸರು ಹೊತ್ತು, ಸಕ್ಕರೆ ತುಂಬಿಕೊಂಡ ಪಾನೀಯಗಳು ವರ್ಷಗಟ್ಟಲೆ ಔಷಧಿ ಅಂಗಡಿಗಳಲ್ಲಿ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರ ದೀರ್ಘ ಹೋರಾಟದ ನಂತರ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆದೇಶಿಸಿತು. ಅತಿಸಾರದ ಕೂಸಿಗೆ ಪೊಟ್ಟಣ ಕೊಳ್ಳುವಾಗ ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ, ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಪೂರ್ತಿ ಕಲಸಿ, ಚಮಚ ಚಮಚವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಕೂಸು ಮಂಕಾಗಿ ಕುಡಿಯದಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸೂಜಿಯ ಸಲೈನ್ ಬೇಕಾಗುವುದು ಆಗ.